ಸುವಾರ್ತೆ ಯಾರ ಹೆಸರಿಗೆ ಬಂದ ಕಾಗದ?



ಕಾಗದ ಬಂದರೆ ನಾವು ಮೊದಲು ವಿಳಾಸ ನೋಡುತ್ತೇವೆ. ನಾಲ್ಕು ಸುವಾರ್ತೆಗಳು ಯಾರಿಗಾಗಿ ಬರೆಯಲ್ಪಟ್ಟವು? ‘ಓದು ಬಾರದ ನಮಗೆ ಪುಸ್ತಕವೇಕೆ, ಅದು ಅಯ್ಯನವರಿಗೆ ಬಿಟ್ಟದ್ದು’ ಎನ್ನುವ ಹಿರಿಯರು ನಮ್ಮ ಲೈನುಗಳಲ್ಲಿ ಇದ್ದಾರೆ. ಆದುದರಿಂದ ಇದು ನಮ್ಮದೇ ಪ್ರಶ್ನೆ.

ನಾಲ್ಕರಲ್ಲಿ ಮಾರ್ಕನದು ಮೊದಲನೆಯದು, ಕ್ರಿ.ಶ. 70ರ ಆಸುಪಾಸಿನದು ಎಂಬುದು ಹೆಚ್ಚಿನ ಪಂಡಿತರ ಅಭಿಪ್ರಾಯ. ಅದರ 7ನೆಯ ಅಧ್ಯಾಯದಲ್ಲಿ, ಊಟಕ್ಕೆ ಮೊದಲು ಕೈತೊಳೆಯುವ ಯೆಹೂದ್ಯರ ಸಂಪ್ರದಾಯವನ್ನು ಬಿಡಿಸಿ ಹೇಳಿದೆ. ಕೊರ್ಬಾನ್ ಎಂಬ ಮಾತಿಗೆ ಅರ್ಥವನ್ನೂ ಕೊಟ್ಟಿದೆ. ತಿಳಿದವರಿಗೆ ಯಾರೂ ಹೀಗೆ ಬಿಡಿಸಿ ಹೇಳುವುದಿಲ್ಲ. ಕೇಳುವವರಲ್ಲಿ ಅನ್ಯಜನರು ಬಹಳ ಮಂದಿ ಇದ್ದಿರಬೇಕು. ಅದೇ ಪ್ರಸಂಗವನ್ನು ಮತ್ತಾಯನು 15ನೆಯ ಅಧ್ಯಾಯದಲ್ಲಿ ಹೇಳುವಾಗ ಈ ವಿವರಣೆ ಇಲ್ಲ. ಅವನ ಜನರಿಗೆ ಅದು ಮನೆಯ ಮಾತು.

ಶಿಲುಬೆ ಹೊರಲು ಸಿಪಾಯಿಗಳು ಬಿಟ್ಟಿ ಹಿಡಿದ ಕುರೇನ್ಯದ ಸೀಮೋನನ ಕಥೆಯನ್ನು ಮೂವರು ಹೇಳಿದ್ದಾರೆ. ಆದರೆ ಅವನ ಮಕ್ಕಳಾದ ಅಲೆಕ್ಸಾಂದ್ರ, ರೂಫ ಎಂಬವರ ಹೆಸರು ಮಾರ್ಕನಲ್ಲಿ ಮಾತ್ರ ಇದೆ. ಬಹುಶಃ ಅವನ ಸಭೆಯವರಿಗೆ ಆ ಮಕ್ಕಳ ಗುರುತು ಇತ್ತು. ಬಿಟ್ಟಿ ಹೊತ್ತವನ ಮನೆಯವರು ಹೀಗೆ ಸುವಾರ್ತೆಯೊಳಗೆ ಸೇರಿದರು.

ಲೂಕನು ಮಾತ್ರ ವಿಳಾಸವನ್ನು ಸ್ಪಷ್ಟವಾಗಿ ಬರೆದಿದ್ದಾನೆ. ಥೆಯೊಫಿಲನೆಂಬವನನ್ನು ದೊಡ್ಡ ಮನುಷ್ಯರನ್ನು ಕರೆಯುವಂತೆ ಗೌರವದಿಂದ ಕರೆದಿದ್ದಾನೆ. ಆದರೆ ಆ ದೊಡ್ಡವನಿಗೆ ಬರೆದ ಕಾಗದದಲ್ಲಿ ಏನಿದೆ ನೋಡಿರಿ! ಬಡವರು ಧನ್ಯರೆಂದೂ ಐಶ್ವರ್ಯವಂತರ ಗತಿ ಅಯ್ಯೋ ಎಂದೂ 6ನೆಯ ಅಧ್ಯಾಯದಲ್ಲಿದೆ. 16ನೆಯ ಅಧ್ಯಾಯದಲ್ಲಿ ಬಾಗಿಲ ಬಳಿ ಬಿದ್ದಿದ್ದ ಭಿಕ್ಷುಕನಿಗೆ ಲಾಜರನೆಂದು ಹೆಸರಿದೆ. ಒಳಗೆ ಉಂಡವನಿಗೆ ಹೆಸರೇ ಇಲ್ಲ. ಲೂಕನು ದೊಡ್ಡವನನ್ನು ಗೌರವಿಸಿದನು, ಆದರೆ ಅವನಿಗಾಗಿ ಮಾತನ್ನು ಮೆತ್ತಗೆ ಮಾಡಲಿಲ್ಲ.

ಮತ್ತಾಯನು 5ನೆಯ ಅಧ್ಯಾಯದಲ್ಲಿ ಆತ್ಮದ ಬಡತನವನ್ನು ಕುರಿತು ಹೇಳಿದ್ದಾನೆ. ಅದೂ ನಮಗೆ ಬೇಕು. ಆದರೆ ಕೂಲಿ ಕೇಳಿದವನಿಗೆ ‘ಆತ್ಮದಲ್ಲಿ ಬಡವನಾಗಿರು, ಸಾಕು’ ಎಂದು ಬೋಧಿಸುವವರು ಲೂಕನ ಪುಟವನ್ನು ಮಡಿಸಿಟ್ಟಿದ್ದಾರೆಂದು ತಿಳಿಯಿರಿ. ಮತ್ತಾಯನ ಪುಟವನ್ನೂ ಪೂರ್ತಿ ಓದಿಲ್ಲ. ಕಡೆಯ ಗಳಿಗೆಯಲ್ಲಿ ಬಂದವನಿಗೂ ಪೂರ್ತಿ ದಿನದ ಕೂಲಿ ಕೊಟ್ಟ ದ್ರಾಕ್ಷೇತೋಟದ ಯಜಮಾನನ ಸಾಮ್ಯವು ಅವನ 20ನೆಯ ಅಧ್ಯಾಯದಲ್ಲಿಯೇ ಇದೆ.

ಒಬ್ಬೊಬ್ಬ ಸುವಾರ್ತಿಕನೂ ತನ್ನ ತನ್ನ ಸಭೆಗಾಗಿಯೇ ಬರೆದನೆಂದು ಪಂಡಿತರು ಬಹುಕಾಲ ಹೇಳುತ್ತಿದ್ದರು. 1998ರಲ್ಲಿ ರಿಚರ್ಡ್ ಬೌಕಮ್ ಎಂಬ ಪಂಡಿತರು, ಸುವಾರ್ತೆಗಳು ಊರಿಂದ ಊರಿಗೆ ಹೋಗಿ ಎಲ್ಲಾ ಸಭೆಗಳಿಗೂ ತಲುಪಲೆಂದೇ ಬರೆಯಲ್ಪಟ್ಟವು ಎಂದು ವಾದಿಸಿದರು. ಈ ಚರ್ಚೆ ಮುಗಿದಿಲ್ಲ. ಒಂದು ವಿಷಯ ಮಾತ್ರ ನಿಶ್ಚಯ: ಆ ಕಾಲದಲ್ಲಿ ಓದು ಬಲ್ಲವರು ಕೆಲವರೇ. ಕೊರಿಂಥದ ಸಭೆಯಲ್ಲಿ ದಾಸರೂ ಇದ್ದರೆಂದು ಪೌಲನ ಪತ್ರದಿಂದ ತಿಳಿಯುತ್ತದೆ. ಒಬ್ಬನು ಗಟ್ಟಿಯಾಗಿ ಓದುತ್ತಿದ್ದನು, ಉಳಿದವರು ಕೇಳುತ್ತಿದ್ದರು. ಪ್ರಕಟನೆ ಪುಸ್ತಕದ ಪ್ರಾರಂಭದಲ್ಲಿಯೇ ಓದುವವನಿಗೂ ಕೇಳುವವರಿಗೂ ಒಂದೇ ಆಶೀರ್ವಾದವಿದೆ. ಓದು ಬಾರದವರಿಗೆ ಸುವಾರ್ತೆಯಲ್ಲಿ ಪಾಲಿಲ್ಲವೆಂದು ಇನ್ನು ಯಾರು ಹೇಳಬಲ್ಲರು?

ಆದುದರಿಂದ ಪ್ರಿಯರೇ, ಕೆಲಸ ಮುಗಿದ ಸಂಜೆ ನಾಲ್ಕು ಮನೆಯವರು ಒಂದು ಕಡೆ ಕೂಡಿರಿ. ಶಾಲೆಗೆ ಹೋಗುವ ಮಗನೋ ಮಗಳೋ ಒಂದು ಅಧ್ಯಾಯ ಓದಲಿ. ಎಲೆ ಕೊಯ್ದು ಬಂದ ಅಜ್ಜಿ ಕೇಳಲಿ, ಕೇಳಿ ತನಗೆ ತೋಚಿದ್ದನ್ನು ಹೇಳಲಿ. ಆ ಕಾಗದ ಅವಳ ಹೆಸರಿಗೂ ಬಂದಿದೆ.