ಬ್ಯೂರೆಟ್ಟು ಒಳಗೆ, ಪೊರಕೆ ಹೊರಗೆ



ಶಿಡ್ಲಘಟ್ಟ ಸೀಮೆಯ ಕಾಲೇಜೊಂದಕ್ಕೆ ನಮ್ಮ ಬಳಗದ ಕೆಲವರು ಹೋಗಿದ್ದೆವು. ಊರ ಕೆರೆಯ ನೀರನ್ನು ವರ್ಷವಿಡೀ ಅಳೆದು ದಾಖಲಿಸುವ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಕೇಳುವುದು ನಮ್ಮ ಉದ್ದೇಶವಾಗಿತ್ತು. ವಿಜ್ಞಾನ ವಿಭಾಗದ ಅಧ್ಯಾಪಕರು ನಯವಾಗಿಯೇ ಹೇಳಿದರು: "ನಮ್ಮ ಮಕ್ಕಳಿಗೆ ಪ್ರಾಕ್ಟಿಕಲ್ಸ್ ಇದೆ, ಬಿಡುವಿಲ್ಲ. ಎನ್ನೆಸ್ಸೆಸ್‌ನವರನ್ನು ಕರೆದುಕೊಂಡು ಹೋಗಿ." ಅಂಗಳಕ್ಕೆ ಬಂದು ಬಿ.ಎ. ಓದುವ ಹುಡುಗಿಯೊಬ್ಬಳನ್ನು ಕೇಳಿದೆವು. ಆಕೆ, "ನಾನು ಆರ್ಟ್ಸ್ ಸಾರ್. ನೀರು ಟೆಸ್ಟ್ ಮಾಡೋದು ಸೈನ್ಸ್‌ನೋರ ಕೆಲಸ ಅಲ್ವಾ? ಕೆರೆ ಹತ್ರ ಕಸ ಗುಡಿಸೋದಿದ್ರೆ ಹೇಳಿ, ಬರ್ತೀವಿ" ಎಂದಳು.

ಈ ಎರಡು ಉತ್ತರಗಳ ನಡುವೆ ನಮ್ಮ ಕೆರೆ ಅನಾಥವಾಗಿದೆ. ಬ್ಯೂರೆಟ್ಟು ಹಿಡಿಯಬಲ್ಲವರು ಕಾಲೇಜಿನ ಗೇಟು ದಾಟುವುದಿಲ್ಲ, ಗೇಟು ದಾಟುವವರ ಕೈಗೆ ಪೊರಕೆಯ ಹೊರತು ಬೇರೇನನ್ನೂ ಕೊಡುವುದಿಲ್ಲ. ಇದು ಯಾವುದೋ ಒಂದು ಕಾಲೇಜಿನ ದೋಷವೆಂದು ನಾವು ಹೇಳುತ್ತಿಲ್ಲ. ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರಗಳಲ್ಲಿ ಓದುವ ಮಕ್ಕಳ ತಂದೆತಾಯಂದಿರನ್ನು ಕೇಳಿ ನೋಡಿ, ಇದೇ ಕಥೆ. ವಿಜ್ಞಾನ ಒಂದು ಜಾತಿ, ಸೇವೆ ಇನ್ನೊಂದು ಜಾತಿ, ಅವೆರಡರ ನಡುವೆ ಸಹಪಂಕ್ತಿ ಭೋಜನವಿಲ್ಲ ಎಂಬಂತಾಗಿದೆ. ಈ ವಿಂಗಡಣೆ ಸುಳ್ಳು, ಮತ್ತು ಇದರ ಬೆಲೆಯನ್ನು ತೆರುತ್ತಿರುವವರು ಹಳ್ಳಿಯವರು. ಇದನ್ನು ಮುಲಾಜಿಲ್ಲದೆ ಹೇಳಲೆಂದೇ ಈ ಲೇಖನ.

ಪಣಕ್ಕಿಟ್ಟಿರುವುದೇನು?

ನಂದಿಯ ಬೆಟ್ಟಸಾಲು ಅರ್ಕಾವತಿ, ಪಾಲಾರ್, ಚಿತ್ರಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳ ತವರು. ಐದು ಹೊಳೆಗಳನ್ನು ಹೆತ್ತ ಬೆಟ್ಟದ ಬುಡದಲ್ಲಿ ಇಂದು ಸಾವಿರ ಅಡಿ ಕೊರೆದರೂ ನೀರು ಸಿಕ್ಕೀತೆಂಬ ಭರವಸೆಯಿಲ್ಲ. ಸಿಕ್ಕರೂ ಅದು ಗ್ರಾನೈಟು ಮತ್ತು ನೈಸ್ ಶಿಲೆಗಳ ಬಿರುಕಿನಲ್ಲಿ ದೀರ್ಘಕಾಲ ನಿಂತ ನೀರು. ಕಲ್ಲಿನಲ್ಲಿದ್ದ ಫ್ಲೋರೈಡು ಅದರಲ್ಲಿ ಕರಗಿ ಬಂದಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಮಗುವಿನ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದ ಮೇಲೆ ಅದನ್ನು ಅಳಿಸುವ ಔಷಧವಿಲ್ಲ.

ಇನ್ನು ಕೆರೆಗಳು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ ನಮ್ಮ ಕಣ್ಣೆದುರಿಗಿದೆ. ದಿನಕ್ಕೆ 21 ಕೋಟಿ ಲೀಟರ್, 65 ಕೆರೆ ಎಂಬುದು ಯೋಜನೆಯ ಲೆಕ್ಕ. ಬತ್ತಿದ ಕೆರೆಯಲ್ಲಿ ನೀರು ಕಂಡಾಗ ರೈತನಿಗೆ ಸಂತೋಷವಾಗುವುದು ಸಹಜ, ಅದನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಎರಡನೆಯ ಹಂತದ ಸಂಸ್ಕರಣೆ ಮುಖ್ಯವಾಗಿ ಸಾವಯವ ಕೊಳೆಯನ್ನು ತಗ್ಗಿಸುತ್ತದೆ. ಸಾರಜನಕ, ರಂಜಕಗಳ ಬಹುಭಾಗ ನೀರಿನಲ್ಲೇ ಉಳಿಯುತ್ತದೆ. ನೆರೆಯ ಕೋಲಾರಕ್ಕೆ ಇದೇ ಬಗೆಯ ಕೆ.ಸಿ. ವ್ಯಾಲಿ ನೀರು ಬಂದ 2018ರಲ್ಲಿ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿನ ಮೆಟ್ಟಿಲೇರಿದ್ದನ್ನು ನಾವು ಮರೆತಿಲ್ಲ. ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಬಯಲುಸೀಮೆಯ ಜನ ಅಂದಿನಿಂದ ಕೂಗುತ್ತಲೇ ಇದ್ದಾರೆ. ಕೂಗಿಗೆ ಬಲ ಬರುವುದು ಅಂಕಿ ಅಂಶಗಳಿಂದ. ಅವು ಯಾರ ಬಳಿ ಇವೆ? ಅಳೆಯುವವರ ಬಳಿ. ಅಳೆಯುವವರು ಯಾರು? ನಾವಂತೂ ಅಲ್ಲ.

ಕಾನೂನು ಕೊಟ್ಟ ಅವಕಾಶ, ನಾವು ಕಳೆದ ಅವಕಾಶ

ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಆದೇಶಿಸಿತು. 2003ರಲ್ಲಿ ಮತ್ತೆ ಎಚ್ಚರಿಸಿತು. ಅದರ ಫಲವಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ ಎಲ್ಲ ಪದವಿ ತರಗತಿಗಳಿಗೂ ಆರು ತಿಂಗಳ ಪರಿಸರ ಅಧ್ಯಯನದ ಪಠ್ಯವನ್ನು ರೂಪಿಸಿತು. ಗಮನಿಸಿ: ಅದು ಕಲೆ, ವಾಣಿಜ್ಯ, ವಿಜ್ಞಾನವೆಂಬ ಭೇದವಿಲ್ಲದೆ ಎಲ್ಲರಿಗೂ. ಆ ಪಠ್ಯದ ಕೊನೆಯ ಘಟಕ ಕ್ಷೇತ್ರಕಾರ್ಯ, 100 ಅಂಕಗಳಲ್ಲಿ 25 ಅದಕ್ಕೆ ಮೀಸಲು. ಹೊಳೆ, ಕಾಡು, ಬೆಟ್ಟಗಳನ್ನು ನೋಡಿ ದಾಖಲಿಸಬೇಕೆಂಬುದು ಅದರ ಆಶಯವಾಗಿತ್ತು. ನಮ್ಮಲ್ಲಿ ಆದದ್ದೇನು? ಹಳೆಯ ವಿದ್ಯಾರ್ಥಿಯ ವರದಿಯನ್ನು ಜೆರಾಕ್ಸ್ ಮಾಡಿಸಿ, ಹೊಸ ಹೆಸರು ಅಂಟಿಸಿ ಒಪ್ಪಿಸುವ ಕಲೆ ಮಾತ್ರ ಬೆಳೆಯಿತು.

ರಾಷ್ಟ್ರೀಯ ಸೇವಾ ಯೋಜನೆ ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ ಹುಟ್ಟಿತು. ವರ್ಷಕ್ಕೆ 120 ಗಂಟೆಗಳ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನಗಳ ಶಿಬಿರ. ಒಂದು ಕಾಲೇಜಿನ ನೂರು ಸ್ವಯಂಸೇವಕರೆಂದರೆ ವರ್ಷಕ್ಕೆ 12,000 ಗಂಟೆಗಳು! ಇಷ್ಟು ಶ್ರಮ ಒಂದೇ ಕೆರೆಯ ಮೇಲೆ ಬಿದ್ದರೆ ಅದರ ಹತ್ತು ವರ್ಷಗಳ ಚರಿತ್ರೆಯನ್ನೇ ಬರೆಯಬಹುದಿತ್ತು. ನಾವು ಬರೆದದ್ದು ಗುಂಪು ಛಾಯಾಚಿತ್ರದ ಅಡಿಬರಹ.

ಪ್ರಶ್ನೆಯಿಲ್ಲದ ಸೇವೆ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅವಿಭಜಿತ ಕೋಲಾರ ಜಿಲ್ಲೆಯ ಉದ್ದಗಲಕ್ಕೂ ನೀಲಗಿರಿ ಹಬ್ಬಿತು. ಗಿಡ ನೆಡುವುದೆಂದರೆ ಪುಣ್ಯ, ಯಾವ ಗಿಡವೆಂದು ಕೇಳುವುದು ಅಧಿಕಪ್ರಸಂಗ ಎಂದಿದ್ದ ಕಾಲವದು. 2017ರಲ್ಲಿ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಅಷ್ಟರಲ್ಲಿ ಮೂರು ದಶಕ ಕಳೆದಿತ್ತು.

ಸೇವೆಯಿಲ್ಲದ ವಿಜ್ಞಾನದ ಪಾಡೂ ಇದಕ್ಕಿಂತ ಮೇಲಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಅಯೋಡಿನ್ನನ್ನು ಥಯೋಸಲ್ಫೇಟಿನಿಂದ ಅಳೆಯುತ್ತಾನೆ. ಪಿಷ್ಟದ ನೀಲಿ ಬಣ್ಣ ಮಾಯವಾದೊಡನೆ ಬ್ಯೂರೆಟ್ಟಿನ ಅಂಕಿ ಬರೆದುಕೊಳ್ಳುತ್ತಾನೆ. ಉತ್ತರ ಅಟೆಂಡರಿಗೂ ಗೊತ್ತು. ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನದ ಕೊನೆಯ ಹಂತ ಇದೇ ಅಯೋಡಿನ್, ಇದೇ ಥಯೋಸಲ್ಫೇಟ್, ಇದೇ ನೀಲಿ! ನೀರಿನ ಗಡಸುತನವನ್ನು ತಿಳಿಯುವ ಇ.ಡಿ.ಟಿ.ಎ. ಪ್ರಯೋಗವೂ ಹಾಗೆಯೇ. ಹೊಸ ಯಂತ್ರ ಬೇಡ, ಹೊಸ ಅನುದಾನ ಬೇಡ. ನಲ್ಲಿಯ ಬದಲು ಕೆರೆಯಿಂದ ನೀರು ತಂದರೆ ಸಾಕು. ಉತ್ತರ ಮೊದಲೇ ಗೊತ್ತಿಲ್ಲದ ಪ್ರಯೋಗವೇ ನಿಜವಾದ ಪ್ರಯೋಗ.

ಆಸಕ್ತಿ ಯಾವ ವಿಭಾಗದ ಸೊತ್ತು?

ವಿಜ್ಞಾನ ಓದಿದವರಿಗೆ ಪರಿಸರದಲ್ಲಿ ಆಸಕ್ತಿ ಹೆಚ್ಚು, ಉಳಿದವರಿಗೆ ಕಡಿಮೆ ಎನ್ನುವವರುಂಟು. ವಿಜ್ಞಾನದವರಿಗೆ ಸೀಟು, ರ‍್ಯಾಂಕುಗಳ ಹೊರತು ಬೇರೆ ಆಸಕ್ತಿಯಿಲ್ಲ ಎಂದು ತಿರುಗಿ ಹೇಳುವವರೂ ಉಂಟು. ಇಬ್ಬರೂ ತಪ್ಪು. ವಿಜ್ಞಾನದ ಹಿನ್ನೆಲೆ ಸಾಧನಗಳನ್ನು ಕೊಡುತ್ತದೆ, ಆಸಕ್ತಿಯನ್ನು ಕೊಡುವುದಿಲ್ಲ. ತನ್ನ ಮನೆಯ ನೀರಿನ ಸೀಸೆಯಲ್ಲಿ ಬಣ್ಣ ತಿರುಗಿದ್ದನ್ನು ಕಂಡ ಕ್ಷಣದಲ್ಲಿ ಆಸಕ್ತಿ ಹುಟ್ಟುತ್ತದೆ. ಆ ಕ್ಷಣ ಬಿ.ಎಸ್ಸಿ.ಯವನಿಗೂ ಬಿ.ಕಾಂ.ನವಳಿಗೂ ಒಂದೇ.

ಶಿಡ್ಲಘಟ್ಟದ ಮನೆಗಳಲ್ಲಿ ರೇಷ್ಮೆ ಹುಳು ಸಾಕುವ ತಾಯಂದಿರನ್ನು ನೋಡಿ. ಪಕ್ಕದ ತೋಟದಲ್ಲಿ ಟೊಮೆಟೊಗೋ ದ್ರಾಕ್ಷಿಗೋ ಔಷಧಿ ಹೊಡೆದರೆ, ಅದು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆಯ ಎಲೆಯ ಮೇಲೆ ಕುಳಿತರೆ, ಮೊದಲು ತಲೆ ಎತ್ತುವುದು ಹುಳು, ಎರಡನೆಯವಳು ಆ ತಾಯಿ. ಆಕೆಗೆ ಡಿಗ್ರಿಯಿಲ್ಲ. ಆದರೆ ಹುಳು ಎಲೆ ಬಿಟ್ಟದ್ದು ಏಕೆಂದು ಕಾರಣ ಹುಡುಕುವ ಕ್ರಮ ಆಕೆಗೆ ಗೊತ್ತು. ಅದೇ ವಿಜ್ಞಾನ. ಆಕೆಯ ಮಗಳು ಬಿ.ಎ. ಓದುತ್ತಿದ್ದರೆ "ನಾನು ಆರ್ಟ್ಸ್" ಎಂದು ಹಿಂಜರಿಯುವಂತೆ ಮಾಡಿದ್ದು ನಮ್ಮ ಶಿಕ್ಷಣ.

ಕೆರೆಯ ಕೆಲಸಕ್ಕೆ ಆ ಮಗಳು ಬೇಕೇ ಬೇಕು. ಮೊದಲು ತೂಬು ಯಾವಾಗ ಎತ್ತುತ್ತಿದ್ದರು, ಕೋಡಿ ಕೊನೆಯ ಬಾರಿ ಬಿದ್ದದ್ದು ಯಾವ ವರ್ಷ, ಪೋಷಕ ಕಾಲುವೆಯನ್ನು ಯಾರು ಒತ್ತಿಕೊಂಡರು ಎಂಬುದನ್ನು ಬ್ಯೂರೆಟ್ಟು ಹೇಳುವುದಿಲ್ಲ, ಮುದಿ ನೀರುಗಂಟಿ ಹೇಳುತ್ತಾನೆ. ಅವನೊಡನೆ ಮನೆಮಾತು ತೆಲುಗಿನಲ್ಲಿ, ಗೂಡು ಬಿಚ್ಚುವ ರೀಲರುಗಳೊಡನೆ ಉರ್ದುವಿನಲ್ಲಿ ಕುಳಿತು ಮಾತಾಡಬಲ್ಲವರು ಬೇಕು. ನೀರಿನ ಟ್ಯಾಂಕರಿಗೆ, ಹೊಸ ಕೊಳವೆಬಾವಿಗೆ ಊರು ಸುರಿದ ಹಣದ ಲೆಕ್ಕ ತೆಗೆಯಲು ವಾಣಿಜ್ಯದವರು ಬೇಕು. ಮೂವರೂ ಒಂದೇ ತಂಡದಲ್ಲಿರುವಾಗ ಮಾತ್ರ ಅದು ಸೇವಾ ಕಲಿಕೆ: ಊರಿಗೆ ಬೇಕಾದ ಕೆಲಸವೇ ಮಕ್ಕಳಿಗೆ ಪಾಠವಾಗುವುದು.

ಆಕ್ಷೇಪಗಳಿಗೆ ಉತ್ತರ

"ಹುಡುಗರ ಪರೀಕ್ಷೆಯನ್ನು ನಂಬುವುದು ಹೇಗೆ?" ಎನ್ನುತ್ತಾರೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ಟು ಬಳಸಲು ತರಬೇತಿ ಕೊಡಬೇಕೆಂದು ಗೊತ್ತುಮಾಡಿತು. ಹಳ್ಳಿಯ ಹೆಣ್ಣುಮಗಳು ಮಾಡಬಲ್ಲದ್ದನ್ನು ಪದವಿ ವಿದ್ಯಾರ್ಥಿ ಮಾಡಲಾರನೇ? ಕಿಟ್ಟಿನ ಫಲಿತಾಂಶ ಅಂತಿಮವಲ್ಲ, ಒಪ್ಪುತ್ತೇವೆ. ಅದು ಎಚ್ಚರಿಕೆಯ ಗಂಟೆ. ಗಂಟೆ ಬಾರಿಸಿದ ಮೇಲೆ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ ಖಚಿತಪಡಿಸಿಕೊಳ್ಳಲಿ. ಗಂಟೆಯನ್ನೇ ಕಟ್ಟಬೇಡಿ ಎನ್ನುವುದು ಯಾವ ನ್ಯಾಯ?

"ಅಧಿಕಾರಿಗಳು ಅಳೆಯುತ್ತಾರಲ್ಲ?" ಎಂಬುದು ಇನ್ನೊಂದು ಮಾತು. ಇಲ್ಲೊಂದು ಸೂಕ್ಷ್ಮವಿದೆ. ಕೊಳಚೆಯ ಸಾರ ಉಂಡು ಪಾಚಿ ಕಟ್ಟಿದ ಕೆರೆಯಲ್ಲಿ ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲಾ ಅದನ್ನೇ ಹೀರುತ್ತದೆ. ಮಧ್ಯಾಹ್ನ ಜೀಪಿನಲ್ಲಿ ಬಂದು ಸೀಸೆ ತುಂಬಿದವರಿಗೆ ಕೆರೆ ಆರೋಗ್ಯವಾಗಿ ಕಾಣುತ್ತದೆ. ಸೂರ್ಯ ಹುಟ್ಟುವ ಮುನ್ನ ಅಳೆದವರಿಗೆ ಮೀನು ಸಾಯುವ ಕಾರಣ ಸಿಗುತ್ತದೆ. ಮೀನುಗಾರಿಕೆಯ ನೀರಿನಲ್ಲಿ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ನಸುಕಿನ ಐದಕ್ಕೆ ಕೆರೆ ಏರಿಯ ಮೇಲೆ ನಿಲ್ಲಬಲ್ಲವರು ಯಾರು? ಹಾಲು ಡೇರಿಗೆ ಹೋಗುವ ಹೊತ್ತಿಗೆ ಎದ್ದಿರುವ ನಮ್ಮದೇ ಊರಿನ ಮಕ್ಕಳು.

"ಓದಿಗೆ ತೊಂದರೆಯಾಗುತ್ತದೆ" ಎಂಬ ತಂದೆತಾಯಂದಿರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹಿಪ್ಪುನೇರಳೆ ಮಾರಿ ಶುಲ್ಕ ಕಟ್ಟಿದವರ ಮಾತದು. ಆದರೆ ಹೇಗೂ ಒಪ್ಪಿಸಬೇಕಾದ ಕ್ಷೇತ್ರಕಾರ್ಯವನ್ನು, ಹೇಗೂ ಮಾಡಬೇಕಾದ ಪ್ರಯೋಗವನ್ನು, ಹೇಗೂ ಸವೆಸಬೇಕಾದ ಸೇವೆಯ ಗಂಟೆಗಳನ್ನು ಒಂದೆಡೆ ತನ್ನಿ ಎಂದಷ್ಟೇ ನಮ್ಮ ಬೇಡಿಕೆ.

ಎರಡು ಎಚ್.ಎನ್.ಗಳು

ನಮ್ಮ ಜಿಲ್ಲೆಯಲ್ಲಿ ಎಚ್.ಎನ್. ಎಂಬ ಎರಡಕ್ಷರಕ್ಕೆ ಈಗ ಎರಡು ಅರ್ಥ. ಒಂದು, ಬೆಂಗಳೂರಿನಿಂದ ಬರುವ ಎಚ್.ಎನ್. ವ್ಯಾಲಿ ನೀರು. ಇನ್ನೊಂದು, ಇಲ್ಲಿಂದ ಬೆಂಗಳೂರಿಗೆ ಹೋದ ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿ, ಓದಲೆಂದು ಬೆಂಗಳೂರಿಗೆ ನಡೆದೇ ಹೋದವರು. ಭೌತಶಾಸ್ತ್ರದಲ್ಲಿ ಅಮೆರಿಕದ ಡಾಕ್ಟರೇಟು ಪಡೆದೂ ಖಾದಿ ಬಿಡದವರು. ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದವರು. ಗೌರಿಬಿದನೂರು, ಬಾಗೇಪಲ್ಲಿಗಳಿಗೆ ಕಾಲೇಜು ತಂದವರು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರ ಬದುಕಿನ ಪಾಠ. ಕಾಗದದ ಮೇಲೆ ಕೊಳಚೆ ಶುದ್ಧವಾಗುವುದು ಇಂದಿನ ಪವಾಡ. ಮೊದಲನೆಯ ಎಚ್.ಎನ್.ಅನ್ನು ಪರೀಕ್ಷಿಸಲು ಎರಡನೆಯ ಎಚ್.ಎನ್.ರ ನಾಡಿನ ಮಕ್ಕಳಿಗಿಂತ ಅರ್ಹರು ಯಾರಿದ್ದಾರೆ?

ನಮ್ಮ ಒತ್ತಾಯಗಳು ಇವು:

1. ಪ್ರತಿ ಪದವಿ ಕಾಲೇಜು ತನ್ನ ಸುತ್ತಲಿನ ಒಂದು ಕೆರೆ ಮತ್ತು ಐದು ಕುಡಿಯುವ ನೀರಿನ ಮೂಲಗಳನ್ನು ಆಯ್ದು, ಪ್ರತಿ ತಿಂಗಳೂ ಅಳೆದು ದಾಖಲಿಸಲಿ. ಹಿರಿಯ ತಂಡ ಕಿರಿಯ ತಂಡಕ್ಕೆ ಪುಸ್ತಕ ಒಪ್ಪಿಸಲಿ.

2. ತಂಡದಲ್ಲಿ ಮೂರೂ ವಿಭಾಗದವರಿರಲಿ. ಪರಿಸರ ಅಧ್ಯಯನದ ಕ್ಷೇತ್ರಕಾರ್ಯದ ಅಂಕಗಳು ಈ ಕೆಲಸಕ್ಕೆ ಸಲ್ಲಲಿ.

3. ಫಲಿತಾಂಶವನ್ನು ಮೊದಲು ಗ್ರಾಮಸಭೆಯಲ್ಲಿ, ಊರಿಗೆ ಅರ್ಥವಾಗುವ ಮಾತಿನಲ್ಲಿ ಓದಲಿ. ಹಳ್ಳಿ ಯಾರ ಪ್ರಯೋಗಾಲಯವೂ ಅಲ್ಲ. ನೀರು ಊರಿನದು, ಅಂಕಿಯೂ ಊರಿನದು.

4. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯ್ತಿಗಳಲ್ಲಿ ಇರಬೇಕಾದ ಜೀವವೈವಿಧ್ಯ ದಾಖಲಾತಿಯನ್ನು ಗುತ್ತಿಗೆಗೆ ಕೊಡದೆ, ಊರಿನ ಹಿರಿಯರೊಡನೆ ಕುಳಿತು ವಿದ್ಯಾರ್ಥಿಗಳು ಬರೆಯಲಿ.

5. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಈ ಕೆಲಸವನ್ನು ತನ್ನದೆಂದು ಕೈಗೆತ್ತಿಕೊಳ್ಳಲಿ.

2021ರ ಆಗಸ್ಟಿನಲ್ಲಿ ಒಂದೇ ರಾತ್ರಿಯ ಮಳೆಗೆ ನಂದಿಬೆಟ್ಟದ ರಸ್ತೆ ಕುಸಿದಾಗ, ಬೆಟ್ಟ ಇಳಿಸಿದ ನೀರು ಎಷ್ಟು, ಮಣ್ಣು ಎಷ್ಟು ಎಂದು ಹೇಳಬಲ್ಲ ಪುಸ್ತಕ ನಮ್ಮ ಯಾವ ಹಳ್ಳಿಯಲ್ಲೂ ಇರಲಿಲ್ಲ. ಮುಂದಿನ ಸಲ ಇರಬೇಕು. ಅದನ್ನು ಬರೆಯಬೇಕಾದವರು ಈ ಪತ್ರಿಕೆಯನ್ನು ಓದುತ್ತಿರುವ ನೀವು.

ವಿದ್ಯಾರ್ಥಿ ಮಿತ್ರರೇ, ಅನುಮತಿಗಾಗಿ ಕಾಯಬೇಡಿ. ನಾಳೆ ಮುಂಜಾನೆ ನಿಮ್ಮ ಮನೆಯ ನೀರನ್ನು ಒಂದು ಸೀಸೆಯಲ್ಲಿ ತುಂಬಿಕೊಂಡು ಕಾಲೇಜಿಗೆ ಹೋಗಿ. ಪ್ರಯೋಗಾಲಯದ ಮೇಜಿನ ಮೇಲಿಟ್ಟು, "ಸಾರ್, ಇದರಲ್ಲಿ ಏನಿದೆ?" ಎಂದು ಕೇಳಿ. ನೀವು ಯಾವ ವಿಭಾಗದವರೆಂದು ಯಾರಾದರೂ ವಿಚಾರಿಸಿದರೆ, ಈ ನೀರು ಕುಡಿಯುವ ವಿಭಾಗದವರು ಎಂದು ಹೇಳಿ.