ಗುಂಡಿಯೊಳಗೆ ವಾಸನೆ ಬರುವುದಿಲ್ಲವಂತೆ!

ಕಿಪ್ಪನ ಉಪಕರಣದಲ್ಲಿ ಹೈಡ್ರೋಜನ್ ಸಲ್ಫೈಡ್ ತಯಾರಿಸುವ ದಿನ ಪ್ರಯೋಗಶಾಲೆಯಲ್ಲಿ ಗಲಾಟೆಯೋ ಗಲಾಟೆ. ಕೊಳೆತ ಮೊಟ್ಟೆಯ ನಾತಕ್ಕೆ ಎಲ್ಲರೂ ಮೂಗು ಮುಚ್ಚಿಕೊಳ್ಳುವವರೇ. ಕೆಲವು ವರ್ಷಗಳ ಹಿಂದೆ ಅಂಥದೊಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ಗುಂಡಿಯೊಳಗೆ ಸ್ವಲ್ಪ ಹೊತ್ತು ಇದ್ರೆ ಈ ವಾಸನೆ ಬರೋದೇ ಇಲ್ವಂತೆ. ಅಭ್ಯಾಸ ಆಗಿಬಿಡುತ್ತೆ ಅಂತಾರೆ ನಮ್ಮಪ್ಪ’ ಎಂದ. ಹುಡುಗರು ನಕ್ಕರು. ನನ್ನ ಎದೆ ಧಸಕ್ಕೆಂದಿತು.

ವಿದ್ಯಾರ್ಥಿಗಳೇ, ಅದು ಅಭ್ಯಾಸವಲ್ಲ. ಗಾಳಿಯ 10 ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 100 ಭಾಗ ದಾಟಿದರೆ, ಕೆಲವೇ ನಿಮಿಷಗಳಲ್ಲಿ ಮೂಗು ವಾಸನೆ ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇನ್ನೂ ಹೆಚ್ಚಾದರೆ ಪ್ರಜ್ಞೆ ತಪ್ಪಿ ಉಸಿರು ನಿಲ್ಲುತ್ತದೆ. ಇದರ ಅಣುತೂಕ 34, ಗಾಳಿಯದು ಸರಾಸರಿ 29. ಆದ್ದರಿಂದ ತಳದಲ್ಲೇ ಕೂತಿರುತ್ತದೆ. ಕೆಸರು ಕಲಕಿದಾಗ ಮತ್ತಷ್ಟು ಏಳುತ್ತದೆ. ಮೇಲೆ ನಿಂತವನಿಗೆ ಇದೇನೂ ತಿಳಿಯದು. ಬಿದ್ದವನನ್ನು ಎತ್ತಲು ಒಬ್ಬ ಇಳಿಯುತ್ತಾನೆ, ಅವನ ಹಿಂದೆ ಇನ್ನೊಬ್ಬ. ಪತ್ರಿಕೆಯಲ್ಲಿ ‘ಮೂವರ ಸಾವು’ ಎಂದು ಓದುತ್ತೇವಲ್ಲ, ಅದು ಹೀಗೆ. ಮುಖಕ್ಕೆ ಕಟ್ಟಿದ ಟವೆಲ್ಲಿನಿಂದ ಏನೂ ಆಗದು.

ಇಳಿಯುವವರು ಮಾತ್ರ ಅದೇ ಕೆಲವು ಜಾತಿಯವರೇ ಏಕೆ? ನನ್ನ ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಲಾಯಿತು. ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ. 2013ರ ಕಾಯಿದೆ ಇನ್ನೂ ಮುಂದೆ ಹೋಗಿ, ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಮನುಷ್ಯನನ್ನು ಇಳಿಸಿದವರಿಗೆ ಮೊದಲ ತಪ್ಪಿಗೇ 2 ವರ್ಷದವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಪಾಲಕರೇ, ಕಾಯಿದೆ ಕಂಟ್ರಾಕ್ಟರಿಗೆ ಮಾತ್ರ ಎಂದುಕೊಳ್ಳಬೇಡಿ. ಮನೆಯ ಗುಂಡಿ ತುಂಬಿದಾಗ ಇನ್ನೂರು ಮುನ್ನೂರು ಉಳಿಸಲು ಯಾರನ್ನೋ ಕರೆತರುತ್ತೇವಲ್ಲ, ನಮಗೂ ಅದು ಅನ್ವಯಿಸುತ್ತದೆ. ಸಕ್ಕಿಂಗ್ ಯಂತ್ರದ ಲಾರಿ ಕರೆಸಿ. ಯಾರಾದರೂ ಒಳಗೆ ಬಿದ್ದರೆ ಇಳಿಯಬೇಡಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ.

ಆ ಹುಡುಗನ ತಂದೆಯನ್ನು ಶಾಲೆಗೆ ಕರೆಸಿದೆ. ಪ್ರಯೋಗಶಾಲೆಯ ಹೊಸ್ತಿಲಲ್ಲೇ ನಿಂತುಬಿಟ್ಟರು. ಕೈಹಿಡಿದು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಬೋರ್ಡಿನ ಮೇಲೆ ಗುಂಡಿಯ ಚಿತ್ರ ಬರೆದು ಎಲ್ಲ ವಿವರಿಸಿದೆ. ಸುಮ್ಮನೆ ಕೇಳಿಸಿಕೊಂಡು, ‘ಇದನ್ನೆಲ್ಲ ನಮ್ಮ ಕಂಟ್ರಾಕ್ಟರಿಗೆ ಒಂದು ಚೀಟೀಲಿ ಬರೆದುಕೊಡ್ತೀರಾ ಮೇಷ್ಟ್ರೇ? ನಾನು ಹೇಳಿದ್ರೆ ನಾಳೆಯಿಂದ ಬರಬೇಡ ಅಂತಾರೆ’ ಎಂದರು.

ಎರಡು ಪುಟ ಬರೆದು, ಕೆಳಗೆ ನನ್ನ ಹೆಸರು, ಶಾಲೆಯ ವಿಳಾಸ ಹಾಕಿ ಕೊಟ್ಟೆ.