ನಗು, ಗೊಂಬೆ, ಹೆದರಿಕೆ: ಯುರೋಪಿನ ಸಿನಿಮಾಕ್ಕೆ ಮೂರು ಬಾಗಿಲು

ಯುರೋಪಿಯನ್ ಸಿನಿಮಾ ಅಂದ ಕೂಡಲೇ ನಮ್ಮ ಕ್ಯಾಂಪಸ್ಸಿನಲ್ಲಿ ಕೇಳಿಬರೋದು ಎರಡೇ ಮಾತು. ಒಂದು, "ಅಯ್ಯೋ ಆರ್ಟ್ ಫಿಲ್ಮು, ನಿದ್ದೆ ಬರುತ್ತೆ ಮಗಾ." ಇನ್ನೊಂದು, ಬರ್ಗ್‌ಮನ್, ತಾರ್ಕೋವ್‌ಸ್ಕಿ ಅಂತ ಹೆಸರು ಹೇಳಿ ಗಂಭೀರವಾಗಿ ತಲೆಯಾಡಿಸೋದು. ಮೊದಲನೆಯವರು ನೋಡುವುದೇ ಇಲ್ಲ. ಎರಡನೆಯವರಲ್ಲಿ ಎಷ್ಟು ಜನ ಪೂರ್ತಿ ನೋಡಿದ್ದಾರೆ ಅಂತ ಕೇಳಬಾರದು! ಈ ಎರಡೂ ಗುಂಪಿಗೆ ನಾವು ಹೇಳೋದು ಒಂದೇ: ಆ ಸಿನಿಮಾಗಳ ಒಳಗೆ ಹೋಗೋಕೆ ಇನ್ನೂ ಮೂರು ಬಾಗಿಲುಗಳಿವೆ. ಕಾಮಿಡಿ, ಆ್ಯನಿಮೇಷನ್, ಹಾರರ್.

ಈ ಮೂರೂ ನಮ್ಮಲ್ಲಿ ಟೈಮ್‌ಪಾಸ್ ಪಟ್ಟಿಗೆ ಸೇರಿದವು. ಕಾಮಿಡಿ ಊಟ ಮಾಡ್ತಾ ನೋಡೋಕೆ, ಆ್ಯನಿಮೇಷನ್ ಚಿಕ್ಕ ಮಕ್ಕಳಿಗೆ, ಹಾರರ್ ಹಾಸ್ಟೆಲ್ ರೂಮಿನಲ್ಲಿ ಲೈಟ್ ಆರಿಸಿ ಕಿರುಚೋಕೆ. ಆದರೆ ನೋಡುಗರ ಕಣ್ಣು, ಕಿವಿಯನ್ನು ಪೂರ್ತಿ ನಂಬಿ ಮಾಡಿದ ಸಿನಿಮಾಗಳನ್ನು ಹುಡುಕುತ್ತಾ ಹೋದರೆ, ಯುರೋಪಿನಲ್ಲಿ ನಮಗೆ ಅವು ಹೆಚ್ಚು ಸಿಕ್ಕಿದ್ದು ಇದೇ ಮೂರು ಪ್ರಕಾರಗಳಲ್ಲಿ. ಎಲ್ಲಿ ನಗಬೇಕು, ಎಲ್ಲಿ ಬೆಚ್ಚಿಬೀಳಬೇಕು ಅಂತ ಇವು ಹೇಳಿಕೊಡುವುದಿಲ್ಲ. ನಾವೇ ಹುಡುಕಿಕೊಳ್ಳಬೇಕು. ಒಂದು ಕೈಯಲ್ಲಿ ರೀಲ್ಸ್ ಸರಿಸುತ್ತಾ, ಇನ್ನೊಂದು ಕಡೆ 1.5 ಸ್ಪೀಡಿನಲ್ಲಿ ಸಿನಿಮಾ ಓಡಿಸುವ ನಮಗೆ ಈ ಅಭ್ಯಾಸ ತೀರಾ ಅಗತ್ಯವಾಗಿ ಬೇಕಾಗಿದೆ ಅನ್ನೋದು ನಮ್ಮ ವಾದ.

ಮೊದಲು ನಗು

ಕಾಮಿಡಿಯಿಂದಲೇ ಶುರು ಮಾಡೋಣ. ಫ್ರಾನ್ಸಿನ ಜಾಕ್ ತಾತಿ 1967ರಲ್ಲಿ 'ಪ್ಲೇಟೈಮ್' ಅನ್ನುವ ಸಿನಿಮಾ ಮಾಡಿದ. ಇದಕ್ಕಾಗಿ ಪ್ಯಾರಿಸ್‌ನ ಹೊರಗೆ ಗಾಜು, ಉಕ್ಕು, ಕಾಂಕ್ರೀಟಿನ ಒಂದು ಪುಟ್ಟ ನಗರವನ್ನೇ ಕಟ್ಟಿಸಿದ. ಜನ ಅದಕ್ಕೆ 'ತಾತಿವಿಲ್' ಅಂತ ಹೆಸರಿಟ್ಟರು. ಅದಕ್ಕೆ ತನ್ನದೇ ವಿದ್ಯುತ್ ಘಟಕವಿತ್ತು, ಓಡುವ ಎಸ್ಕಲೇಟರ್ ಇತ್ತು. ದೂರದಲ್ಲಿ ನಿಂತ ಕೆಲವು 'ಜನ' ಮಾತ್ರ ರಟ್ಟಿನಲ್ಲಿ ಕತ್ತರಿಸಿದ ಆಕೃತಿಗಳು. ಸಿನಿಮಾ ಹಾಕಿದ ದುಡ್ಡು ತರಲಿಲ್ಲ. ತಾತಿ ಸಾಲದಲ್ಲಿ ಮುಳುಗಿ ತನ್ನ ಸಿನಿಮಾಗಳ ಹಕ್ಕನ್ನೂ ಕಳೆದುಕೊಂಡ.

ಇಷ್ಟೆಲ್ಲ ಖರ್ಚು ಮಾಡಿ ಏನು ತೋರಿಸಿದ? ಎಂಜಿನಿಯರಿಂಗ್ ಓದುವವರು ನೋಡಲೇಬೇಕಾದ ದೃಶ್ಯವೊಂದಿದೆ. ಹೊಸ ರೆಸ್ಟೋರೆಂಟಿನ ಉದ್ಘಾಟನೆ. ಕಟ್ಟಡದ ಕೆಲಸ ಮುಗಿದಿಲ್ಲ, ಗಿರಾಕಿಗಳು ಬಂದಾಯ್ತು. ನೆಲದ ಟೈಲ್ಸ್ ಶೂಗೆ ಅಂಟಿಕೊಂಡು ಎದ್ದು ಬರುತ್ತೆ. ಅಡುಗೆಮನೆಯಿಂದ ಊಟ ಕೊಡುವ ಕಿಂಡಿ ತಟ್ಟೆಗಿಂತ ಚಿಕ್ಕದು. ಕುರ್ಚಿಯ ಬೆನ್ನಿನ ಡಿಸೈನು ಕೂತವರ ಕೋಟಿನ ಮೇಲೆ ಅಚ್ಚೊತ್ತುತ್ತೆ. ಎಲ್ಲದಕ್ಕೂ ಆರ್ಕಿಟೆಕ್ಟನನ್ನು ಕರೀತಾನೇ ಇರ್ತಾರೆ. ಕೊನೆಗೆ ಗಾಜಿನ ಬಾಗಿಲೇ ಒಡೆದು ಪುಡಿಯಾದಾಗ, ಬಾಗಿಲು ಕಾಯುವವನು ಹಿಡಿಕೆಯೊಂದನ್ನೇ ಗಾಳಿಯಲ್ಲಿ ಹಿಡಿದು, ಬಂದವರಿಗೆಲ್ಲ ಇಲ್ಲದ ಬಾಗಿಲನ್ನು ತೆಗೆದು ಮುಚ್ಚುತ್ತಾನೆ. ಜನ ಮರ್ಯಾದೆಯಿಂದ 'ಬಾಗಿಲ' ಮೂಲಕವೇ ಒಳಗೆ ಬರ್ತಾರೆ!

ಇದ್ಯಾವುದಕ್ಕೂ ಕ್ಲೋಸಪ್ ಇಲ್ಲ. ಒಂದೇ ಫ್ರೇಮಿನಲ್ಲಿ ಮೂರು ನಾಲ್ಕು ಜೋಕು ಒಟ್ಟಿಗೆ ನಡೀತಿರುತ್ತೆ. ಎಡಗಡೆ ನೋಡಿದವರು ಬಲಗಡೆಯದನ್ನು ಕಳೆದುಕೊಳ್ತಾರೆ. ನಾಲ್ಕು ಜನ ಕೂತು ನೋಡಿದರೆ ನಾಲ್ಕೂ ಜನ ಬೇರೆಬೇರೆ ಕಡೆ ನಗ್ತಾರೆ. ಮಾತಿದ್ದರೂ ಅದು ಗದ್ದಲದ ಒಂದು ಭಾಗ ಅಷ್ಟೆ. ಮಾತು ಬೇಡದ ಕಾಮಿಡಿ ನಮಗೇನೂ ಹೊಸದಲ್ಲ ಬಿಡಿ. ಸಿಂಗೀತಂ ಶ್ರೀನಿವಾಸರಾವ್ ಅವರ 'ಪುಷ್ಪಕ ವಿಮಾನ' ನಮ್ಮ ಬೆಂಗಳೂರಿನಲ್ಲೇ ತಯಾರಾದ ಸಿನಿಮಾ. ಅದನ್ನು ನೋಡಿ ನಕ್ಕವರಿಗೆ ತಾತಿ ಖಂಡಿತ ಪರಕೀಯ ಅನಿಸಲ್ಲ.

ಅದೇ 1967ರಲ್ಲಿ ಆಗಿನ ಚೆಕೊಸ್ಲೊವಾಕಿಯಾದಲ್ಲಿ ಮಿಲೋಶ್ ಫೋರ್ಮನ್ 'ದಿ ಫೈರ್‌ಮೆನ್ಸ್ ಬಾಲ್' ಮಾಡಿದ. ಸಣ್ಣ ಊರಿನ ಅಗ್ನಿಶಾಮಕ ದಳದವರು ಒಂದು ಪಾರ್ಟಿ ಇಟ್ಟುಕೊಳ್ತಾರೆ. ಲಾಟರಿಗೆ ಅಂತ ಮೇಜಿನ ಮೇಲೆ ಜೋಡಿಸಿಟ್ಟ ಬಹುಮಾನಗಳು ಒಂದೊಂದೇ ಮಾಯ ಆಗ್ತಾ ಹೋಗುತ್ತೆ. ಕದ್ದವರು ಮರ್ಯಾದೆಯಾಗಿ ವಾಪಸ್ ಇಡಲಿ ಅಂತ ಲೈಟ್ ಆರಿಸ್ತಾರೆ. ಲೈಟ್ ಹತ್ತಿದಾಗ ಸಿಕ್ಕಿಬೀಳೋದು ಯಾರು? ಹೆಂಡತಿ ಕದ್ದದ್ದನ್ನು ವಾಪಸ್ ಇಡೋಕೆ ಹೋದ ಒಬ್ಬ ಪ್ರಾಮಾಣಿಕ. ದಳದವರಿಗೆ ಸಿಟ್ಟು ಬರೋದು ಕಳ್ಳತನಕ್ಕಲ್ಲ, ವಾಪಸ್ ಕೊಡೋಕೆ ಹೋಗಿ ಇಲಾಖೆಯ ಮಾನ ಕಳೆದನಲ್ಲ ಅಂತ. ಫೆಸ್ಟ್ ಕಮಿಟಿಯಲ್ಲಿ ಒಂದು ಸಲ ಕೆಲಸ ಮಾಡಿದವರಿಗೆ ಇದು ಪೂರ್ತಿ ಅರ್ಥವಾಗುತ್ತೆ.

ಇದರಲ್ಲಿ ಸರ್ಕಾರದ ವಿರುದ್ಧ ಒಂದು ಭಾಷಣವೂ ಇಲ್ಲ. ನಟಿಸಿದವರಲ್ಲಿ ನಿಜವಾದ ಅಗ್ನಿಶಾಮಕ ದಳದವರೂ ಇದ್ದರು. ಆದರೂ 1968ರಲ್ಲಿ ಸೋವಿಯತ್ ಸೈನ್ಯ ಆ ದೇಶಕ್ಕೆ ನುಗ್ಗಿದ ಮೇಲೆ ಸಿನಿಮಾ ನಿಷೇಧಕ್ಕೆ ಒಳಗಾಯ್ತು. ಫೋರ್ಮನ್ ಅಮೆರಿಕಕ್ಕೆ ಹೋಗಿ 'ಅಮಾಡಿಯಸ್' ಮಾಡಿದ. ಕಾಮಿಡಿ ಬರೀ ಟೈಮ್‌ಪಾಸ್ ಆಗಿದ್ದರೆ, ಲಾಟರಿ ಬಹುಮಾನದ ಕಳ್ಳತನದ ಕಥೆಗೆ ಒಂದು ಸರ್ಕಾರ ಯಾಕೆ ಹೆದರಬೇಕಿತ್ತು?

ಇವತ್ತಿನದ್ದೇ ಬೇಕು ಅನ್ನುವವರಿಗೆ ಫಿನ್ಲೆಂಡಿನ ಅಕಿ ಕೌರಿಸ್ಮಾಕಿಯ 'ಫಾಲನ್ ಲೀವ್ಸ್' (2023) ಇದೆ. ಅವಧಿ ಮೀರಿದ ತಿಂಡಿ ತೆಗೆದುಕೊಂಡಳು ಅಂತ ಸೂಪರ್‌ಮಾರ್ಕೆಟ್ ಕೆಲಸ ಕಳೆದುಕೊಂಡವಳು, ಕುಡಿತ ಬಿಡಲಾಗದ ಕಾರ್ಮಿಕ. ಇಬ್ಬರೂ ಮೊದಲ ಡೇಟ್‌ಗೆ ಹೋಗೋದು ಝೋಂಬಿ ಸಿನಿಮಾಕ್ಕೆ. ಮುಖದಲ್ಲಿ ಒಂದು ಗೆರೆಯೂ ಅಲುಗದೆ ಜೋಕು ಹೇಳ್ತಾರೆ. ಮನೆಯ ರೇಡಿಯೋದಲ್ಲಿ ಉಕ್ರೇನ್ ಯುದ್ಧದ ಸುದ್ದಿ ಬರ್ತಾನೇ ಇರುತ್ತೆ. ಅದರ ಬಗ್ಗೆ ಉಪದೇಶ ಇಲ್ಲ.

ಎಲ್ಲ ಯುರೋಪಿಯನ್ ಕಾಮಿಡಿಯೂ ಹೀಗೆ ಅಂತ ನಾವು ಹೇಳಲ್ಲ. 2008ರಲ್ಲಿ ಫ್ರಾನ್ಸಿನಲ್ಲಿ 2 ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದ 'ವೆಲ್‌ಕಮ್ ಟು ದಿ ಸ್ಟಿಕ್ಸ್' ನಮ್ಮನ್ನು ಅಷ್ಟೇನೂ ನಗಿಸಲಿಲ್ಲ. ದಕ್ಷಿಣದ ಅಂಚೆ ಅಧಿಕಾರಿಗೆ ಉತ್ತರದ ಊರಿಗೆ ವರ್ಗ ಆಗುತ್ತೆ, ಅಲ್ಲಿನ ಆಡುಮಾತು ಅವನಿಗೆ ತಿಳಿಯಲ್ಲ. ತಮಾಷೆಯೆಲ್ಲ ಆ ಮಾತಿನಲ್ಲೇ ಇದೆ. ಬೆಂಗಳೂರಿನವನು ಧಾರವಾಡಕ್ಕೋ ಮಂಗಳೂರಿಗೋ ಹೋಗಿ ಪಡುವ ಪಾಡನ್ನು ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ತೋರಿಸಿದರೆ ಎಷ್ಟು ಉಳಿಯುತ್ತೆ ಹೇಳಿ? ಮಾತಿನ ಜೋಕು ಗಡಿ ದಾಟುವಾಗ ಸವೆಯುತ್ತೆ, ಕಣ್ಣಿನ ಜೋಕು ಸವೆಯಲ್ಲ.

ಆಮೇಲೆ ಗೊಂಬೆ

ಇನ್ನು ಆ್ಯನಿಮೇಷನ್. ಡಿಸ್ನಿಯ 'ಸ್ನೋವೈಟ್' ಬಂದದ್ದು 1937ರಲ್ಲಿ. ಅದಕ್ಕೂ 11 ವರ್ಷ ಮೊದಲೇ, 1926ರಲ್ಲಿ, ಜರ್ಮನಿಯ ಲೊಟ್ಟೆ ರೈನಿಗರ್ 'ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್' ಮುಗಿಸಿದ್ದಳು. ಇವತ್ತಿಗೆ ಉಳಿದಿರುವ ಪೂರ್ಣಾವಧಿ ಆ್ಯನಿಮೇಷನ್ ಸಿನಿಮಾಗಳಲ್ಲಿ ಅದೇ ಅತಿ ಹಳೆಯದು. ಕಪ್ಪು ರಟ್ಟನ್ನು ಕತ್ತರಿಯಿಂದ ಕತ್ತರಿಸಿ, ಕೀಲು ಜೋಡಿಸಿ, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲಿಟ್ಟು, ಕೂದಲೆಳೆಯಷ್ಟು ಸರಿಸುತ್ತಾ ಒಂದೊಂದೇ ಫ್ರೇಮ್ ತೆಗೆದಳು. ಮೂರು ವರ್ಷ ಹಿಡಿಯಿತು. ತೊಗಲುಗೊಂಬೆ ಆಟ ನೋಡಿದ ನಮ್ಮವರಿಗೆ ಆ ನೆರಳಿನ ಚೆಲುವನ್ನು ವಿವರಿಸಬೇಕಾಗಿಲ್ಲ.

ಬ್ರಿಟನ್ನಿನ ನಿಕ್ ಪಾರ್ಕ್ ಮಾಡಿದ 'ದಿ ರಾಂಗ್ ಟ್ರೌಸರ್ಸ್' (1993) ಅರ್ಧ ಗಂಟೆಯ ಸಿನಿಮಾ. ಪ್ಲಾಸ್ಟಿಸಿನ್ ಮಣ್ಣಿನ ಗೊಂಬೆಗಳು. ಕಣ್ಣಿಟ್ಟು ನೋಡಿದರೆ ಅವುಗಳ ಮೇಲೆ ಮಾಡಿದವರ ಬೆರಳಚ್ಚು ಕಾಣುತ್ತೆ. ಖಳನಾಯಕ ಒಂದು ಪೆಂಗ್ವಿನ್. ಬಾಯಿಯಿಲ್ಲ, ಮಾತಿಲ್ಲ, ಹುಬ್ಬೂ ಇಲ್ಲ. ಆದರೂ ಅಷ್ಟು ತಣ್ಣಗಿನ ವಿಲನ್ ದೊಡ್ಡ ಸಿನಿಮಾಗಳಲ್ಲೂ ಅಪರೂಪ. ಕೊನೆಯಲ್ಲಿ ಆಟದ ರೈಲಿನ ಚೇಸ್ ಬರುತ್ತೆ. ಹಳಿ ಮುಗಿದುಹೋಗ್ತಿದೆ, ಗ್ರೋಮಿಟ್ ಅನ್ನುವ ನಾಯಿ ರೈಲಿನ ಮುಂದೆ ಕೂತು ಓಡ್ತಿರುವ ರೈಲಿಗೇ ಹಳಿ ಜೋಡಿಸ್ತಾ ಹೋಗುತ್ತೆ. ಸಬ್‌ಮಿಷನ್ ಹಿಂದಿನ ರಾತ್ರಿ ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು ಇದೇ ಥರ ಅಲ್ವಾ? ಇದಕ್ಕೆ ಆಸ್ಕರ್ ಕೂಡ ಬಂತು.

ಆದರೆ ನಮ್ಮ ಕ್ಯಾಂಪಸ್ಸಿಗೆ ಎಲ್ಲಕ್ಕಿಂತ ಹತ್ತಿರದ ಸಿನಿಮಾ 'ಫ್ಲೋ' (2024). ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ್ದು. ಪ್ರವಾಹದಲ್ಲಿ ಒಂದು ಕರಿ ಬೆಕ್ಕು, ಒಂದು ದೋಣಿ, ಜೊತೆಗೆ ಬಂದು ಸೇರುವ ನಾಯಿ, ಲೀಮರ್, ಕ್ಯಾಪಿಬಾರ, ಒಂದು ಹಕ್ಕಿ. ಮನುಷ್ಯರೇ ಇಲ್ಲ. ಒಂದು ಮಾತೂ ಇಲ್ಲ. ಪ್ರಾಣಿಗಳು ಪ್ರಾಣಿಗಳ ಹಾಗೇ ಕೂಗುತ್ತವೆ. ಹೀಗಾಗಿ ಬೆಕ್ಕಿನ ಕಿವಿ ಯಾವ ಕಡೆ ತಿರುಗಿತು, ನೀರು ಎಷ್ಟು ಏರಿತು ಅಂತ ನಾವೇ ಗಮನಿಸಬೇಕು.

ಇದನ್ನು ಮಾಡಿದ್ದು ಬ್ಲೆಂಡರ್‌ನಲ್ಲಿ! ನಮ್ಮ ಲ್ಯಾಪ್‌ಟಾಪ್‌ಗೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ಅದೇ ಸಾಫ್ಟ್‌ವೇರ್. ಬಜೆಟ್ ಸುಮಾರು 35 ಲಕ್ಷ ಯೂರೊ. ಆ ವರ್ಷ ಆಸ್ಕರ್ ಸ್ಪರ್ಧೆಯಲ್ಲಿ ಎದುರಿಗಿದ್ದ 'ಇನ್‌ಸೈಡ್ ಔಟ್ 2'ಕ್ಕೆ ಆದ ಖರ್ಚು ಸುಮಾರು 20 ಕೋಟಿ ಡಾಲರ್. ಗೆದ್ದದ್ದು ಬೆಕ್ಕು. ಲಾಟ್ವಿಯಾಕ್ಕೆ ಅದೇ ಮೊದಲ ಆಸ್ಕರ್. ಇದಕ್ಕೆ ಮೊದಲು ಜಿಲ್ಬಲೋಡಿಸ್ 'ಅವೇ' (2019) ಅನ್ನುವ ಸಿನಿಮಾವನ್ನು ಚಿತ್ರ, ಸಂಕಲನ, ಸಂಗೀತ ಎಲ್ಲವನ್ನೂ ತಾನೊಬ್ಬನೇ ಮಾಡಿ ಮುಗಿಸಿದ್ದ. ಹಾಗಂತ ಬ್ಲೆಂಡರ್ ಇಳಿಸಿಕೊಂಡವರೆಲ್ಲ ಆಸ್ಕರ್ ತರ್ತಾರೆ ಅಂತಲ್ಲ. 'ನಮ್ಮ ಹತ್ರ ಬಜೆಟ್ ಇಲ್ಲ' ಅನ್ನೋದನ್ನು ಇನ್ಮೇಲೆ ಮೊದಲ ಕಾರಣವಾಗಿ ಹೇಳೋಕೆ ಆಗಲ್ಲ, ಅಷ್ಟೆ.

ಕೊನೆಗೆ ಹೆದರಿಕೆ

ಹಾರರ್ ವಿಷಯದಲ್ಲಿ ನಮ್ಮ ತಕರಾರು ಇರೋದು ಜಂಪ್ ಸ್ಕೇರ್ ಮೇಲೆ. ಸದ್ದಿಲ್ಲದ ಕಾರಿಡಾರ್, ನಿಧಾನಕ್ಕೆ ತಿರುಗುವ ತಲೆ, ಆಮೇಲೆ ಢಮಾರ್ ಅಂತ ಒಂದು ಸೌಂಡ್. ಬೆಚ್ಚಿಬೀಳ್ತೀವಿ, ನಿಜ. ಪ್ರೆಷರ್ ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿಬೀಳ್ತೀವಿ! ಹೆದರಿಕೆ ಬೇರೆ, ಬೆಚ್ಚಿಬೀಳೋದು ಬೇರೆ.

ಜರ್ಮನಿಯವರು ಇದನ್ನು ಸಿನಿಮಾಕ್ಕೆ ಸೌಂಡೇ ಇಲ್ಲದ ಕಾಲದಲ್ಲಿ ಕಂಡುಕೊಂಡಿದ್ದರು. 'ದಿ ಕ್ಯಾಬಿನೆಟ್ ಆಫ್ ಡಾ. ಕಾಲಿಗರಿ'ಯಲ್ಲಿ (1920) ಗೋಡೆಗಳೆಲ್ಲ ಸೊಟ್ಟ, ನೆರಳುಗಳನ್ನು ಸೆಟ್ಟಿನ ಮೇಲೆ ಬಣ್ಣದಲ್ಲೇ ಬರೆದಿದ್ದರು. ಮುರ್ನೌನ 'ನೊಸ್ಫೆರಾಟು' (1922) 'ಡ್ರಾಕುಲಾ' ಕಾದಂಬರಿಯನ್ನು ಅನುಮತಿ ಇಲ್ಲದೆ ಬಳಸಿಕೊಂಡಿತ್ತು. ಲೇಖಕನ ಹೆಂಡತಿ ಕೋರ್ಟಿಗೆ ಹೋದಳು, ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಅಂತ ಆದೇಶವೂ ಆಯ್ತು. ಹೇಗೋ ಕೆಲವು ಪ್ರತಿ ಉಳಿದವು. ಅದರಲ್ಲಿ ಮೆಟ್ಟಿಲು ಹತ್ತುವ ಪಿಶಾಚಿಯ ನೆರಳಿದೆಯಲ್ಲ, ಅದರ ನಕಲು ಮಾಡದ ಹಾರರ್ ಶಾರ್ಟ್ ಫಿಲ್ಮ್ ಯಾವ ಕಾಲೇಜಿನಲ್ಲಿದೆ?

ನಮಗೆ ಅಚ್ಚುಮೆಚ್ಚಿನದು ಸ್ವೀಡನ್ನಿನ 'ಲೆಟ್ ದಿ ರೈಟ್ ಒನ್ ಇನ್' (2008). ಸ್ಟಾಕ್‌ಹೋಮ್ ಅಂಚಿನ ಬಡಾವಣೆ, ಸುತ್ತ ಹಿಮ, ಶಾಲೆಯಲ್ಲಿ ದಿನಾ ಹೊಡೆತ ತಿನ್ನುವ 12 ವರ್ಷದ ಹುಡುಗ. ಪಕ್ಕದ ಮನೆಗೆ ಬಂದವಳು ರಕ್ತ ಕುಡಿಯುವವಳು. ಇದರಲ್ಲಿ ನಮಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ರಕ್ತ ಕುಡಿಯುವವಳಲ್ಲ, ನಗುನಗುತ್ತಾ ಹಿಂಸೆ ಕೊಡುವ ಆ ಸಹಪಾಠಿಗಳು. ರ್‍ಯಾಗಿಂಗ್ ಬಗ್ಗೆ ಎಷ್ಟೋ ಪೋಸ್ಟರ್ ಓದಿದ್ದೀವಿ, ಈ ಸಿನಿಮಾ ನಾಟಿದಷ್ಟು ಯಾವುದೂ ನಾಟಲಿಲ್ಲ. ಈಜುಕೊಳದ ದೃಶ್ಯದಲ್ಲಿ ಕ್ಯಾಮೆರಾ ಹುಡುಗನ ಜೊತೆ ನೀರಿನೊಳಗೇ ಉಳಿಯುತ್ತೆ. ಮೇಲೆ ಏನಾಗ್ತಿದೆ ಅನ್ನೋದು ಮಸುಕಾದ ಸದ್ದಿನಲ್ಲಿ ಮಾತ್ರ ಗೊತ್ತಾಗುತ್ತೆ. ಮಿಕ್ಕದ್ದನ್ನು ಕಟ್ಟಿಕೊಳ್ಳೋದು ನಮ್ಮ ತಲೆ.

ನೆದರ್ಲೆಂಡ್ಸಿನ 'ದಿ ವ್ಯಾನಿಶಿಂಗ್' (1988) ಇನ್ನೂ ವಿಚಿತ್ರ. ಪೆಟ್ರೋಲ್ ಬಂಕಿನಲ್ಲಿ ಹುಡುಗಿ ಕಾಣೆಯಾಗ್ತಾಳೆ. ಯಾರು ಮಾಡಿದ್ದು ಅಂತ ಸಿನಿಮಾ ಬೇಗನೇ ಹೇಳಿಬಿಡುತ್ತೆ. ಅವಳಿಗೆ ಏನಾಯ್ತು ಅನ್ನೋದಷ್ಟೇ ಪ್ರಶ್ನೆ. ಆ ಕುತೂಹಲ ಹುಡುಕುವವನನ್ನು ಎಲ್ಲಿಗೆ ಕರೆದೊಯ್ಯುತ್ತೆ ಅನ್ನೋದೇ ಹೆದರಿಕೆ. ರಕ್ತದ ಒಂದು ಹನಿಯೂ ಬೇಕಾಗಿಲ್ಲ. 1993ರಲ್ಲಿ ಅದೇ ನಿರ್ದೇಶಕ ಹಾಲಿವುಡ್ಡಿನಲ್ಲಿ ಇದನ್ನೇ ಮತ್ತೆ ಮಾಡಿದ, ಅಂತ್ಯವನ್ನು ಬದಲಾಯಿಸಿದ. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ನೋಡುಗರನ್ನು ನಂಬೋದು, ನಂಬದೇ ಇರೋದು ಅಂದರೆ ಏನು ಅಂತ ನಾವು ಹೇಳೋದೇ ಬೇಡ.

ಹಾಗೇ, ರಕ್ತ ಸುರಿಸೋದನ್ನೇ ಕಲೆ ಅಂದುಕೊಂಡ ಫ್ರೆಂಚ್ ಹಾರರ್‌ಗಳೂ ಇವೆ. 'ಮಾರ್ಟರ್ಸ್' (2008) ಸಿನಿಮಾಕ್ಕೆ ಅಭಿಮಾನಿಗಳು ಬಹಳ. ನಮಗೆ ಅದು ಹೆದರಿಕೆಗಿಂತ ಸುಸ್ತು ತಂದದ್ದೇ ಹೆಚ್ಚು. ಎಲ್ಲವನ್ನೂ ತೋರಿಸಿಬಿಟ್ಟರೆ ನಮಗೆ ಮಾಡೋಕೆ ಕೆಲಸವೇ ಉಳಿಯಲ್ಲ.

ಹಾಗಾದ್ರೆ ಏನ್ ಮಾಡೋಣ?

"ದಿನವಿಡೀ ಕ್ಲಾಸು, ಲ್ಯಾಬು, ಇಂಟರ್ನಲ್ಸು. ರಾತ್ರಿ ಸಿನಿಮಾ ನೋಡುವಾಗಲೂ ತಲೆಗೆ ಕೆಲಸ ಕೊಡಬೇಕಾ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ತಾತಿಯ ರೆಸ್ಟೋರೆಂಟಿನಲ್ಲಿ ಜೋಕು ಹುಡುಕೋದು ಕೆಲಸ ಅನಿಸಲ್ಲ, ಆಟ ಅನಿಸುತ್ತೆ. ನಾವೇ ಕಂಡುಹಿಡಿದ ಜೋಕಿಗೆ ಬರುವ ನಗು, ಹಿನ್ನೆಲೆಯಲ್ಲಿ 'ಟೊಂಯ್' ಅಂತ ಬಾರಿಸಿ ನಗಿಸಿದ್ದಕ್ಕಿಂತ ತುಂಬಾ ಹೊತ್ತು ಉಳಿಯುತ್ತೆ.

ನಮ್ಮ ಕಾಲೇಜಿನ ಶಾರ್ಟ್ ಫಿಲ್ಮ್‌ಗಳು ಸೊರಗೋದೂ ಇಲ್ಲೇ. ಪ್ರತಿ ಜೋಕಿನ ಹಿಂದೆ ಒಂದು ಸೌಂಡ್ ಎಫೆಕ್ಟ್, ಪ್ರತಿ ದೆವ್ವದ ಹಿಂದೆ ಒಂದು ಕಿರುಚಾಟ, ಕೊನೆಗೆ ನೀತಿ ಹೇಳುವ ವಾಯ್ಸ್ ಓವರ್. ನೋಡುವವರಿಗೆ ಅರ್ಥವಾಗಲ್ಲ ಅನ್ನುವ ಭಯ. ಕೂತವರು ನಮ್ಮ ಕ್ಲಾಸಿನವರೇ. ಅವರಿಗೆ ಅರ್ಥವಾಗುತ್ತೆ, ನಂಬಿ.

ಅದಕ್ಕೇ ಕ್ಲಬ್ಬಿನ ಮುಂದೆ ನಮ್ಮದೊಂದು ಬೇಡಿಕೆ. ಮುಂದಿನ ಸೆಮಿಸ್ಟರಿನ ಸ್ಕ್ರೀನಿಂಗ್‌ಗಳಲ್ಲಿ ಮೂರು ಸಂಜೆಯನ್ನು ಈ ಮೂರಕ್ಕೆ ಬಿಟ್ಟುಕೊಡಿ. ಮೊದಲು 'ದಿ ರಾಂಗ್ ಟ್ರೌಸರ್ಸ್' ಜೊತೆಗೆ 'ಫ್ಲೋ': ಎರಡೂ ಸೇರಿ ಎರಡು ಗಂಟೆಯೊಳಗೆ ಮುಗಿಯುತ್ತೆ, 'ಫ್ಲೋ'ಗೆ ಸಬ್‌ಟೈಟಲ್ ಓದುವ ಗೋಜೂ ಇಲ್ಲ. ಎರಡನೇ ಸಂಜೆ 'ದಿ ಫೈರ್‌ಮೆನ್ಸ್ ಬಾಲ್'. ಮೂರನೆಯದಕ್ಕೆ 'ಲೆಟ್ ದಿ ರೈಟ್ ಒನ್ ಇನ್', ಸೀನಿಯರ್ಸ್, ಜೂನಿಯರ್ಸ್ ಒಟ್ಟಿಗೆ ಕೂತು ನೋಡುವ ಹಾಗೆ. 'ಪ್ಲೇಟೈಮ್' ಮಾತ್ರ ಲ್ಯಾಪ್‌ಟಾಪಿನಲ್ಲಿ ಬೇಡ, ಸೆಮಿನಾರ್ ಹಾಲಿನ ದೊಡ್ಡ ಪರದೆ ಸಿಕ್ಕ ದಿನ ಹಾಕೋಣ. ಬೆಂಗಳೂರಿನ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಹೋಗುವವರು ವೇಳಾಪಟ್ಟಿಯಲ್ಲಿ ಕಾಮಿಡಿ, ಆ್ಯನಿಮೇಷನ್ ಅಂತ ಕಂಡರೆ ದಾಟಿ ಹೋಗಬೇಡಿ.

ಷರತ್ತು ಒಂದೇ: ಫೋನು ಬ್ಯಾಗಿನಲ್ಲಿ, ಸ್ಪೀಡು 1. ಅರ್ಧ ಗಂಟೆ ನೋಡಿಯೂ ಹಿಡಿಸದಿದ್ದರೆ ಎದ್ದು ಹೋಗಿ, ಕ್ಯಾಂಟೀನು ಅಲ್ಲೇ ಇದೆ.